ಹಸನ ಮಾಡಿದ ಹೊಲ

ಬಬಲೇಶ್ವರದ ತಹಶೀಲ್ದಾರ ಕಚೇರಿಯ ಎದುರು, ತಗಡಿನ ನೆರಳಿನಲ್ಲಿ ಕುಳಿತು ಮೂವತ್ತೆಂಟು ವರ್ಷ ಬಾಂಡು ಬರೆದ ಗುರುಪಾದಯ್ಯನಿಗೆ ಒಂದು ಸೊಕ್ಕಿತ್ತು. ಇರಲಿ ಬಿಡಿ, ಸೊಕ್ಕಿಲ್ಲದವರು ಯಾರಿದ್ದಾರೆ? ಒಬ್ಬನಿಗೆ ಹೊಲದ ಸೊಕ್ಕು, ಇನ್ನೊಬ್ಬನಿಗೆ ಮಗನ ಸೊಕ್ಕು, ಇವನಿಗೆ ಶಬ್ದದ ಸೊಕ್ಕು. ಪಕ್ಕದ ಟೇಬಲ್ಲಿನವರು 'ಸದರಿ ಸ್ವತ್ತಿನ ಚಕ್ಕುಬಂದಿ' ಎಂದು ಶುರುಮಾಡಿ ರೈತನ ತಲೆ ತಿರುಗಿಸಿ ಕಳಿಸಿದರೆ, ಗುರುಪಾದಯ್ಯ ರೈತ ಹೊಲದಲ್ಲಿ ಆಡುವ ಮಾತನ್ನೇ ಎತ್ತಿ ಕಾಗದದ ಮೇಲೆ ಇಡುತ್ತಿದ್ದ. "ಕಾಗದ ಬರಿಯೋದು ಯಾರಿಗಿ? ಹೆಬ್ಬಟ್ಟ ಒತ್ತಾವಗೋ, ವಕೀಲಗೋ?" ಎಂದು ಎಲೆ ಅಡಿಕೆ ಅಗಿಯುತ್ತ ಕೇಳುತ್ತಿದ್ದ. ಪ್ರತಿ ಕಾಗದದ ಬುಡದಲ್ಲಿ ಒಂದೇ ಸಾಲು: 'ಮೇಲಿನ ಮಜಕೂರು ಓದಿ ಹೇಳಿದೆ, ಕೇಳಿ ಒಪ್ಪಿದರು. ಬಿಕಲಂ ಗುರುಪಾದಯ್ಯ.' ಬಿಕಲಂ ಅಂದರೆ ಬರೆದ ಕೈ. ಆ ಕೈಯನ್ನು ನಂಬಿ ಅರಕೇರಿಯಿಂದ ಹೊನವಾಡದವರೆಗೆ ಜನ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತುತ್ತಿದ್ದರು.

ಮೊದಮೊದಲು ಆತ ನಿಜವಾಗಿಯೂ ಓದಿ ಹೇಳುತ್ತಿದ್ದ. ಅಕ್ಷರ ಅಕ್ಷರ ಬಿಡಿಸಿ, "ತಿಳೀತೇನೋ ಯಪ್ಪಾ?" ಎಂದು ಎರಡೆರಡು ಸಲ ಕೇಳಿ ಮುಂದೆ ಹೋಗುತ್ತಿದ್ದ. ಆಮೇಲೆ ಗದ್ದಲ ಹೆಚ್ಚಿತು, ವಯಸ್ಸೂ ಆಯಿತು. ಓದುವುದು ನಿಂತಿತು, ಸಾಲು ಮಾತ್ರ ಉಳಿಯಿತು. ದೇವರ ಮುಂದೆ ಮಂತ್ರ ಹೇಳುವವರೆಲ್ಲ ಅರ್ಥ ತಿಳಿದು ಹೇಳುತ್ತಾರೇನು? ಹಾಗೆಯೇ ಇದೂ ಎಂದು ಅವನೇ ತನಗೆ ಸಮಾಧಾನ ಹೇಳಿಕೊಂಡಿದ್ದ.

ಹಾಗೆ ನಂಬಿದವರಲ್ಲಿ ಸೋನಾಬಾಯಿಯೂ ಒಬ್ಬಳು. ಅವಳ ಗಂಡ ಭಾಗಪ್ಪ ವಿಜಯಪುರದ ಒಂದು ಕಚೇರಿಯಲ್ಲಿ ಜವಾನನಾಗಿದ್ದವ. ನಿವೃತ್ತನಾದಾಗ ಬಂದದ್ದನ್ನೆಲ್ಲ ಸುರಿದು ಬಬಲೇಶ್ವರದಿಂದ ತಿಕೋಟಾ ಕಡೆಗೆ ಹೋಗುವ ದಾರಿಯಲ್ಲಿ ಕರಿಮಣ್ಣಿನ ಎರಡು ಎಕರೆ ಎರಿ ಹೊಲ ಕೊಂಡ. ಆ ಖರೀದಿ ಕಾಗದ ಬರೆದದ್ದೂ ಗುರುಪಾದಯ್ಯನೇ. ಅವರ ಓಣಿಯಲ್ಲಿ ಸ್ವಂತ ಹೆಸರಿನ ಉತಾರಿ, ಅಂದರೆ ಹೊಲದ ಪಹಣಿ, ಬಂದ ಮೊದಲ ಮನೆ ಅದು. ಭಾಗಪ್ಪ ಆ ಉತಾರಿಗೆ ಗಾಜು ಹಾಕಿಸಿ, ಗೋಡೆಯ ಮೇಲೆ ಬುದ್ಧನ ಪಟದ ಕೆಳಗೆ ತೂಗುಹಾಕಿದ್ದ. ನಾಲ್ಕು ಬೆಳೆ ತೆಗೆದು ತೀರಿಹೋದ. ಸೋನಾಬಾಯಿ ಹೊನವಾಡದ ಶೆಡ್ಡಿಗೆ ಒಣದ್ರಾಕ್ಷಿ ಹಸನ ಮಾಡಲು ಹೋಗತೊಡಗಿದಳು. ಕಡ್ಡಿ, ತೊಟ್ಟು, ಸಣ್ಣ ಕಲ್ಲಿನ ಹಳ್ಳು ಆರಿಸಿ ತೆಗೆಯುವ ಕೆಲಸ. ಅವಳ ಕೈ ದಾಟಿ ಬಂದ ಒಣದ್ರಾಕ್ಷಿಯಲ್ಲಿ ಒಂದು ಕಡ್ಡಿ ಸಿಕ್ಕರೆ ಕೇಳಿ ಎಂದು ಶೆಡ್ಡಿನ ಮಾಲಕನೇ ಹೇಳುತ್ತಿದ್ದ. ಒಬ್ಬಳೇ ಮಗಳು ಗೌತಮಿ ಓದಿ, ವಿಜಯಪುರದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತಳಾಗಿ ಅಲ್ಲಿಯೇ ಮದುವೆಯಾಗಿ ಉಳಿದಳು.

ಹೊಲ ಬೀಳು ಬಿದ್ದಿದ್ದಾಗ ಸೊಲ್ಲಾಪುರದ ಕಡೆಯಿಂದ ಕುನಾಲ ಸೇಠ ಎಂಬವ ಬಂದ. ಹಳೆಯ ಬ್ಯಾಟರಿ ಒಡೆದು ಸೀಸ ಕಾಸುವ ಭಟ್ಟಿ ಹಾಕುತ್ತೇನೆ, ಐದು ವರ್ಷಕ್ಕೆ ಹೊಲ ಬಾಡಿಗೆಗೆ ಕೊಡಿ ಎಂದ. ಕರಾರು ಬರೆಯುವ ದಿನ ಸೋನಾಬಾಯಿ ಗುರುಪಾದಯ್ಯನ ಟೇಬಲ್ಲಿನ ಪಕ್ಕ ನೆಲದ ಮೇಲೆ ಕುಳಿತು ಒಂದೇ ಮಾತು ಹೇಳಿದಳು.

"ಅಯ್ಯಾರ, ನನ್ನ ಹೊಲಾ ಹೆಂಗ ಕೊಟ್ಟೇನಿ ಹಂಗ ಹೊಳ್ಳಿ ಬರಬೇಕ್ರಿ. ಅಷ್ಟ ಬರೀರಿ ಅದರಾಗ."

"ಕುರ್ಚಿ ಮ್ಯಾಲ ಕುಂದರ ಸೋನವ್ವಾ. ಬರೀತೀನಿ. ಬರಿಲಾರದ ಬಿಡ್ತೀನೇನ?"

ಬರೆದ. 'ಅವಧಿ ಮುಗಿದ ಮೇಲೆ ಹೊಲವನ್ನು ಹಸನ ಮಾಡಿ ತಾಬಾ ಕೊಡತಕ್ಕದ್ದು.' ತಾಬಾ ಅಂದರೆ ವಶ, ಅದು ಎಲ್ಲರೂ ಬರೆಯುವುದೇ. ಆದರೆ ಹಸನ! ಎಂಥ ಶಬ್ದ ಅದು! ನಮ್ಮ ಕಡೆ ಜೋಳ ಹಸನ ಮಾಡುತ್ತಾರೆ, ಒಣದ್ರಾಕ್ಷಿ ಹಸನ ಮಾಡುತ್ತಾರೆ, ಹೊಲ ಹಸನ ಮಾಡುತ್ತಾರೆ, ಬದುಕು ಹಸನಾಗಲಿ ಎಂದು ಹರಸುತ್ತಾರೆ. ಆ ಒಂದು ಶಬ್ದದಲ್ಲಿ ಎಲ್ಲ ಬಂತು ಎಂದು ಗುರುಪಾದಯ್ಯ ಬೀಗಿದ. ಮನೆಗೆ ಹೋಗಿ ಹೆಂಡತಿ ಗುರುಸಿದ್ದವ್ವನಿಗೂ ಹೇಳಿಕೊಂಡ. ಎಲ್ಲ ಬರುವ ಶಬ್ದದಲ್ಲಿ ಯಾವುದೂ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬುದು ಅವತ್ತು ಹೊಳೆಯಲಿಲ್ಲ.

ಐದು ವರ್ಷ ಭಟ್ಟಿ ಉರಿಯಿತು. ಹೊಗೆಗೆ ಆ ಕಡೆಯ ಬೇವಿನ ಎಲೆಗಳು ಸುಟ್ಟ ಹಪ್ಪಳದ ಹಾಗೆ ಮುದುಡಿದವು. ಒಡೆದ ಬ್ಯಾಟರಿಗಳ ಆಮ್ಲ ನೆಲಕ್ಕಿಳಿಯಿತು, ಕಾಸಿದ ಮೇಲೆ ಉಳಿದ ಕರಿಯ ಕಿಟ್ಟ ಗುಡ್ಡೆಗುಡ್ಡೆಯಾಗಿ ಬಿತ್ತು. ಅವಧಿ ಮುಗಿಯುವ ಹೊತ್ತಿಗೆ ಕುನಾಲ ಸೇಠ ಭಟ್ಟಿ ಕಿತ್ತ. ಜೆಸಿಬಿ ತರಿಸಿ, ಕಿಟ್ಟದ ಗುಡ್ಡೆಗಳನ್ನು ಅಲ್ಲಿಯೇ ಕೆಡವಿ, ಮೇಲೆ ಗೇಣು ಮಣ್ಣು ಎಳೆಸಿದ. ಟ್ರ್ಯಾಕ್ಟರಿನಿಂದ ಎರಡು ಸಲ ಕುಂಟೆ ಹೊಡೆಸಿದ. ದಾರಿಯಲ್ಲಿ ನಿಂತು ನೋಡಿದರೆ ನಾಳೆ ಬಿತ್ತಬೇಕು ಅನ್ನುವ ಹಾಗಿತ್ತು.

ಅದೊಂದು ಸಂತೆಯ ದಿನ. ಟೇಬಲ್ಲಿನ ಸುತ್ತ ಹದಿನೈದು ಮಂದಿ. ಕುನಾಲ ಸೇಠ ಸ್ಟ್ಯಾಂಪ್ ಕಾಗದ ಹಿಡಿದು, ಸೋನಾಬಾಯಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದ. "ಅಯ್ಯಾಜಿ, ಲಗೂ ಬರೀರಿ. ಹೊಲಾ ಮುಟ್ಟೇತಿ ಅಂತ ಪಾವತಿ."

ಗುರುಪಾದಯ್ಯ ಪೆನ್ನು ಎತ್ತಿ, ತಲೆ ಎತ್ತದೆ ಕೇಳಿದ: "ಸೋನವ್ವಾ, ಹೊಲಾ ಹಸನ ಆಗೇತೇನ?"

"ಹೂಂನ್ರಿ. ಕುಂಟಿ ಹೊಡದಾರ. ಅಂಗೈ ಹಂಗ ಆಗೇತಿ."

ಅವಳ ಮಾತು ಸುಳ್ಳಲ್ಲ. ಕುಂಟೆ ಹೊಡೆದ ಹೊಲಕ್ಕೆ ಹಸನಾದ ಹೊಲ ಎನ್ನದೆ ಏನೆನ್ನಬೇಕು? ಗುರುಪಾದಯ್ಯ ಬರೆದ: 'ಹೊಲ ಹಸನಾಗಿ ತಾಬಾ ಬಂದಿದೆ.' ಕುನಾಲ ಸೇಠ ಇನ್ನೊಂದು ಸಾಲು ಹೇಳಿದ, ಅದನ್ನೂ ಬರೆದ: 'ಇನ್ನು ಮುಂದೆ ಈ ಹೊಲದ ಬಗ್ಗೆ ಏನೇ ಬಂದರೂ ನನ್ನದೇ ಹೊಣೆ, ತಕರಾರು ಮಾಡುವುದಿಲ್ಲ.' ಎಲ್ಲ ಪಾವತಿಯಲ್ಲೂ ಇರುವ ಸಾಲು ಎಂದುಕೊಂಡ. ಹಿಂದೆ ನಿಂತವನೊಬ್ಬ "ಅಯ್ಯಾರ, ನನ್ನ ಬಸ್ ಹೊಂಟೈತಿ" ಎಂದು ಅವಸರ ಮಾಡುತ್ತಿದ್ದ. ಓದಿ ಹೇಳಲಿಲ್ಲ. ಬುಡದಲ್ಲಿ ಮಾತ್ರ ಓದಿ ಹೇಳಿದೆ ಎಂದು ಬರೆದ. ಸೋನಾಬಾಯಿ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಕೈ ಮುಗಿದು ಹೋದಳು.

ಮಳೆಯಾದ ಮೇಲೆ ಅವಳು ಜೋಳ ಬಿತ್ತಿದಳು. ಗೇಣುದ್ದ ಎದ್ದ ಬೆಳೆ ಹಳದಿಯಾಗಿ ಮಲಗಿತು. ಆ ಹೊಲದ ಬದುವಿನ ಕರಿಕೆ ಮೇಯಲು ಬಿಟ್ಟ ಅವಳ ಎಮ್ಮೆ ಗೋಡೆಗೆ ತಲೆ ಗುದ್ದಿಕೊಂಡು, ಹಲ್ಲು ಕಡಿದು, ಮೂರು ದಿನದಲ್ಲಿ ಸತ್ತಿತು. ವಾರದ ಮೇಲೆ ಪಕ್ಕದ ಹೊಲದ ಸಿದ್ದರಾಯನ ಎರಡು ಎಮ್ಮೆ ಅದೇ ರೀತಿ ಸತ್ತವು. ಸಿದ್ದರಾಯ ಸುಮ್ಮನಿರುವ ಪೈಕಿ ಅಲ್ಲ, ಅರ್ಜಿ ಕೊಟ್ಟ. ವಿಜಯಪುರದ ಮಾಲಿನ್ಯ ತಡೆಯುವ ಕಚೇರಿಯಿಂದ ಜೀಪು ಬಂತು. ಮಣ್ಣು ಒಯ್ದರು, ಬಾವಿಯ ನೀರು ಒಯ್ದರು. ಎರಡರಲ್ಲೂ ಸೀಸ. ನೋಟೀಸು ಹೊರಟಿತು, ಬಂದು ಮುಟ್ಟಿದ್ದು ಉತಾರಿಯಲ್ಲಿ ಯಾರ ಹೆಸರಿತ್ತೋ ಅವಳಿಗೆ. ಆ ಹೊಲ ಹಸನ ಮಾಡುವ ಹೊಣೆ ಯಾರದು ಎಂದು ವಿಚಾರಣೆ ಇಟ್ಟರು. ಹೊಣೆ ತನ್ನ ಮೇಲೆ ಬಂದು, ಹೇಳಿದ ಅವಧಿಯಲ್ಲಿ ಮಾಡದಿದ್ದರೆ, ಹೊಲ ಹರಾಜಿಗೆ ಹೋಗುತ್ತದೆ ಎಂದು ಸೋನಾಬಾಯಿಗೆ ತಿಳಿಯಿತು.

ವಿಚಾರಣೆಗೆ ಎರಡು ದಿನ ಮುಂಚೆ ಗೌತಮಿ ರಜೆ ಹಾಕಿ ಬಂದು ಗುರುಪಾದಯ್ಯನ ಮನೆಯ ಕಟ್ಟೆಯ ಮೇಲೆ ಕುಳಿತಳು. ಪಾವತಿಯ ನಕಲು ಅವಳ ಕೈಯಲ್ಲಿತ್ತು.

"ಅಯ್ಯಾರ, ನಮ್ಮವ್ವಗ ಇದನ್ನ ಓದಿ ಹೇಳಿದ್ರೇನ್ರಿ?"

ಗುರುಪಾದಯ್ಯ ಎಲೆಗೆ ಸುಣ್ಣ ಹಚ್ಚುತ್ತ ಕುಳಿತ. ಹಚ್ಚಿದ್ದಕ್ಕೇ ಮತ್ತೆ ಹಚ್ಚಿದ.

"ಓದಿ ಹೇಳಿರಲಿಲ್ಲ ಅಂತ ಒಂದ ಮಾತ ಅಲ್ಲಿ ಹೇಳ್ರಿ. ಅಷ್ಟ ಹೇಳಿದ್ರ ಈ ಪಾವತಿ ಬಿದ್ದ ಹೋಗತೈತಿ ಅಂದಾರ ವಕೀಲರು. ಮದಲನೇ ಕರಾರ ಉಳೀತೈತಿ. ಹಸನ ಮಾಡೋದು ಆ ಸೇಠನ ಪಾಲಿಗೇ ಬರತೈತಿ."

"ನೋಡೂಣ ತಂಗಿ," ಎಂದ ಗುರುಪಾದಯ್ಯ. ಈ 'ನೋಡೋಣ' ಇದೆಯಲ್ಲ, ಅದು ಇಲ್ಲ ಎನ್ನಲು ಧೈರ್ಯ ಸಾಲದವರ ಮಾತು.

ಗೌತಮಿ ಹೋದ ಮೇಲೆ ಒಳಗೆ ಹೋದ. ಗುರುಸಿದ್ದವ್ವ ಮೊರದಲ್ಲಿ ಜೋಳ ಹಸನ ಮಾಡುತ್ತಿದ್ದಳು.

"ಹಸನ ಅಂದ್ರ ಏನ?" ಎಂದು ಕೇಳಿದ.

"ತೆಲಿ ಕೆಟ್ಟೈತೇನ ನಿಮಗ? ಹಸನ ಅಂದ್ರ ತಿನ್ನುವಾಗ ಹಲ್ಲಿಗೆ ಹಳ್ಳ ಸಿಗಬಾರದು." ಮೊರ ಕೊಡವಿ ಗಂಡನ ಮುಖ ನೋಡಿದಳು. "ಆ ಹುಡುಗಿ ಹೇಳಿದ್ದ ಕೇಳಿಸಿತು. ಇದ್ದದ್ದ ಇದ್ದಂಗ ಹೇಳಿ ಬರ್ರಿ. ಬಡವಿ ಹೊಲಾ ಅದು."

ಹೇಳುವುದು ಸುಲಭ. ಆದರೆ ಒಂದು ಕಾಗದಕ್ಕೆ ಓದಿ ಹೇಳಿರಲಿಲ್ಲ ಎಂದು ಅವನ ಬಾಯಿಂದಲೇ ಬಂದರೆ, ಉಳಿದ ಸಾವಿರಾರು ಕಾಗದಗಳ ಗತಿ ಏನು? ಬಾಂಡು ಬರೆಯುವ ಪರವಾನಗಿ ಹೋಗುತ್ತದೆ. ಅಣ್ಣತಮ್ಮಂದಿರ ಹಿಸ್ಸೆ ಜಗಳಗಳೆಲ್ಲ ಎದ್ದು ಬಂದು ತಗಡಿನ ನೆರಳಿಗೆ ಮುತ್ತುತ್ತವೆ. ಇಡೀ ತಾಲೂಕು 'ಬಿಕಲಂ ಗುರುಪಾದಯ್ಯ' ಎಂದು ನಕ್ಕು ಉಗುಳುತ್ತದೆ.

ವಿಚಾರಣೆಯ ದಿನ ವಿಜಯಪುರದ ಮಾಲಿನ್ಯ ಕಚೇರಿಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಕುನಾಲ ಸೇಠನ ವಕೀಲ ಪಾವತಿಯನ್ನು ಎತ್ತಿ ಹಿಡಿದು ಹೇಳಿದ: ಕರಾರಿನಲ್ಲಿ ಹಸನ ಮಾಡಿ ಕೊಡಬೇಕು ಎಂದಿತ್ತು, ಹಸನ ಮಾಡಿ ಕೊಟ್ಟಿದ್ದೇವೆ, ಹಸನಾಗಿ ಬಂದಿದೆ ಎಂದು ಆಕೆಯೇ ಒಪ್ಪಿದ್ದಾಳೆ, ಮುಂದಿನ ಹೊಣೆ ತನ್ನದು ಎಂದೂ ಒಪ್ಪಿದ್ದಾಳೆ. ಹಸನ ಎಂದರೆ ಹೊಲವನ್ನು ಉತ್ತು ಸಮ ಮಾಡುವುದು ಎಂದು ನಿಘಂಟು ತೆಗೆದು ತೋರಿಸಿದ. ಗುರುಪಾದಯ್ಯ ಕೇಳುತ್ತ ನಿಂತ. ತನ್ನ ಶಬ್ದ, ತನ್ನ ಮುದ್ದಿನ ಶಬ್ದ, ಕಂಡವರ ಬಾಯಲ್ಲಿ ಬಿದ್ದು ತನ್ನವರನ್ನೇ ಕಚ್ಚುತ್ತಿತ್ತು.

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ಇದನ್ನ ಬರೆದವರು ನೀವೇನಾ?"

"ಹೌದ್ರಿ."

"ಆಕೆಗೆ ಓದು ಬರೋದಿಲ್ಲ. ಓದಿ ಹೇಳಿದೆ ಅಂತ ಬರೆದೀರಿ. ಓದಿ ಹೇಳಿದ್ರಾ, ಇಲ್ಲಾ? ಒಂದೇ ಮಾತಿನಲ್ಲಿ ಹೇಳಿ."

ಗುರುಪಾದಯ್ಯ ಸೋನಾಬಾಯಿಯ ಕಡೆ ನೋಡಿದ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವನನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಬೇಡುವುದೂ ಇರಲಿಲ್ಲ, ಬೈಯುವುದೂ ಇರಲಿಲ್ಲ. ಅಯ್ಯನವರು ಸರಿಯಾದದ್ದನ್ನೇ ಹೇಳುತ್ತಾರೆ ಎಂಬ ಹಳೆಯ ನಂಬಿಕೆ ಇತ್ತು, ಅಷ್ಟೇ.

"ಹೌದ್ರಿ, ಓದಿ ಹೇಳೇನಿ," ಎಂದ.

ಹೊರಗೆ ಬಂದಾಗ ಗೌತಮಿ ಮೆಟ್ಟಿಲ ಮೇಲೆಯೇ ತಡೆದಳು. "ನಮ್ಮಪ್ಪ ನಿಮ್ಮ ಕೈಲೇ ಬರಸಿ ಈ ಹೊಲಾ ತಗೊಂಡಿದ್ದ. ನಿಮ್ಮ ಕೈಲೇ ಕಳದ್ರಿ." ಸೋನಾಬಾಯಿ ಮಗಳ ಕೈ ಹಿಡಿದೆಳೆದಳು. "ಸುಮ್ನಿರ ಬೇ, ಹಿರ್ಯಾರದಾರ," ಎಂದಳು. ಆ ಒಂದು ಮಾತಿಗೆ ಗುರುಪಾದಯ್ಯನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಬಸ್ಸಿನಲ್ಲಿ ಊರಿಗೆ ಬರುವಾಗ ಯಾರಾದರೂ ಮಾತನಾಡಿಸಿಯಾರು ಎಂದು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿ ಕುಳಿತ.

ಆದೇಶ ಬಂದದ್ದು ಒಂದೂವರೆ ತಿಂಗಳ ಮೇಲೆ. ಊರ ಲೆಕ್ಕಿಗ ತಲಾಟಿ ಕೊಟ್ಟ ಲಕೋಟೆಯನ್ನು ಸೋನಾಬಾಯಿ ನೇರ ಗುರುಪಾದಯ್ಯನ ಟೇಬಲ್ಲಿಗೆ ತಂದಳು. ನೋಡಿ, ಇನ್ನೂ ಅವನ ಹತ್ತಿರವೇ ಬಂದಳು! ಬೇರೆ ಯಾರ ಹತ್ತಿರ ಹೋಗಬೇಕು ಎಂಬುದು ಅವಳಿಗೆ ತಿಳಿಯದು. ಆರು ಪುಟ ಇತ್ತು. 'ಕಲುಷಿತ ಮೇಲ್ಮಣ್ಣನ್ನು ತಜ್ಞರ ಉಸ್ತುವಾರಿಯಲ್ಲಿ ಹೊರತೆಗೆದು ನಿಗದಿತ ಸ್ಥಳಕ್ಕೆ ಸಾಗಿಸಿ ಭೂಮಿಯನ್ನು ಪೂರ್ವಸ್ಥಿತಿಗೆ ತರತಕ್ಕದ್ದು' ಎಂದು ಶುರುವಾಗಿ, ಕೆಳಗೆ ಸಣ್ಣ ಅಕ್ಷರದಲ್ಲಿ ಹದಿನಾರು ಷರತ್ತು. ಅವಳ ಮುಖ ನೋಡುತ್ತ ಇದನ್ನೆಲ್ಲ ಓದುವ ಎದೆ ಅವನಿಗಿರಲಿಲ್ಲ. ಇಷ್ಟೆಲ್ಲ ಈಕೆಗೆ ಏನು ತಿಳಿದೀತು ಎಂದು ತನಗೇ ಒಂದು ನೆವ ಹೇಳಿಕೊಂಡ.

"ಹೊಲಾ ನೀನ ಹಸನ ಮಾಡಿ ಕೊಡಬೇಕಂತವಾ," ಎಂದ. "ತೊಂಬತ್ತ ದಿನದಾಗ. ಇಲ್ಲಂದ್ರ ಹರಾಜಿಗೆ ಹಾಕತಾರಂತ."

"ನಾನ ಹಸನ ಮಾಡಬೇಕ?"

"ಹೂಂ."

ಅವಳು ಕಾಗದ ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡಳು. "ಅಷ್ಟ ಏನ್ರಿ? ಮಾಡಿದ್ರಾತು ಬಿಡ್ರಿ," ಎಂದಳು. ಮುಖದಲ್ಲಿ ಏನೋ ಭಾರ ಇಳಿದ ಹಾಗಿತ್ತು. ಆದೇಶ ಬಂದರೆ ಅಪೀಲು ಹಾಕಲು ಮಗಳು ವಿಜಯಪುರದಲ್ಲಿ ಓಡಾಡುತ್ತಿರುವುದರಿಂದ ಹೀಗೆ ಧೈರ್ಯವಾಗಿದ್ದಾಳೆ ಎಂದು ಗುರುಪಾದಯ್ಯ ತಿಳಿದ. ತಿಳಿಯಬೇಕಾದ್ದು ಬೇರೆಯೇ ಇತ್ತು.

ತಿಂಗಳು ಕಳೆಯಿತು. ಒಂದು ದಿನ ಕಾಗದ ಬರೆಸಲು ಬಂದ ಸಿದ್ದರಾಯ ನಗುತ್ತ ಹೇಳಿದ: "ಅಯ್ಯಾರ, ಸೋನಾಬಾಯಿಗಿ ಮಳ್ಳ ಹಿಡದೈತಿ ನೋಡ್ರಿ. ದಿನಾ ಹೊಲದಾಗ ಕುಂತ ಸಾಣಿಗ್ಯಾಗ ಮಣ್ಣ ಸೋಸತಾಳ."

ಗುರುಪಾದಯ್ಯ ಅರ್ಧ ಬರೆದ ಕಾಗದ ಬಿಟ್ಟು, ಎದುರಿಗೆ ಬಂದ ಜೀಪಿಗೆ ಕೈ ಮಾಡಿ ಹತ್ತಿದ.

ಹನ್ನೊಂದರ ಬಿಸಿಲು. ಹೊಲದ ಈಶಾನ್ಯ ಮೂಲೆಯಲ್ಲಿ ಸೋನಾಬಾಯಿ ಕಾಲು ಚಾಚಿ ಕುಳಿತಿದ್ದಳು. ಮುಂದೆ ಸಾಣಿಗೆ, ಪಕ್ಕದಲ್ಲಿ ಮೊರ. ಸಲಿಕೆಯಿಂದ ಗೇಣು ಆಳ ಅಗೆದ ಮಣ್ಣನ್ನು ಸಾಣಿಸಿ, ಸಾಣಿಗೆಯಲ್ಲಿ ಉಳಿದದ್ದನ್ನು ಮೊರಕ್ಕೆ ಸುರಿದು, ಒಣದ್ರಾಕ್ಷಿಯಿಂದ ಕಡ್ಡಿ ತೆಗೆಯುವ ಅದೇ ಚುರುಕು ಬೆರಳುಗಳಿಂದ ಕರಿಯ ಕಿಟ್ಟದ ಹರಳುಗಳನ್ನು ಒಂದೊಂದೇ ಆರಿಸಿ ಹಳೆಯ ಗೊಬ್ಬರದ ಚೀಲಕ್ಕೆ ಹಾಕುತ್ತಿದ್ದಳು. ಅಂಥ ಹನ್ನೊಂದು ಚೀಲ ಬದುವಿನ ಮೇಲೆ ಸಾಲಾಗಿ ನಿಂತಿದ್ದವು. ಸಾಣಿಸಿದ ಜಾಗ ಒಂದು ಕೋಣೆಯಷ್ಟು ಅಗಲ, ಕಸಬರಿಗೆಯಿಂದ ಗುಡಿಸಿದ ಅಂಗಳದ ಹಾಗೆ ಚೊಕ್ಕಟವಾಗಿತ್ತು. ಅವಳ ಮೂಗು, ತುಟಿ, ರೆಪ್ಪೆಯ ಮೇಲೆಲ್ಲ ಬೂದು ಧೂಳು. ಬದುವಿನ ಮೇಲೆ ಅರ್ಧ ತಿಂದ ರೊಟ್ಟಿ.

"ಏಳ ಸೋನವ್ವಾ! ಮುಟ್ಟಬ್ಯಾಡ ಅದನ್ನ! ವಿಷ ಐತಿ!" ಗುರುಪಾದಯ್ಯ ದಾರಿಯಿಂದಲೇ ಕೂಗುತ್ತ ಓಡಿ ಬಂದ.

ಅವಳು ತಲೆ ಎತ್ತಿದಳು. "ಬರ್ರಿ ಅಯ್ಯಾರ. ಹಸನ ಮಾಡಬೇಕಂತ ನೀವ ಹೇಳಿದ್ರೆಲ್ರಿ. ಶೆಡ್ಡ ಬಿಟ್ಟ ಇದನ್ನ ಮಾಡಾಕತ್ತೇನಿ. ಒಂದ ಮೂಲಿ ಆತು." ಮಾತಿನ ನಡುವೆ ಹೊಟ್ಟೆ ಹಿಡಿದು ಬಗ್ಗಿ, ಮತ್ತೆ ನೆಟ್ಟಗೆ ಕುಳಿತಳು. "ಒಂದೀಟ ಹೊಟ್ಟಿ ನುಲಿತೈತ್ರಿ. ಬಿಸಿಲಿಗಿ."

"ಗೌತಮಿಗೆ ಗೊತ್ತೈತೇನ?"

"ಆಕಿಗ್ಯಾಕ ಹೇಳಲಿ? ಅಳತಾಳ."

ಗುರುಪಾದಯ್ಯ ಅಲ್ಲಿಯೇ ಅಗೆದ ಮಣ್ಣಿನ ಮೇಲೆ ಕುಳಿತುಬಿಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎರಡೂವರೆ ತಿಂಗಳು ಮುಚ್ಚಿಟ್ಟಿದ್ದ ಮಾತು ಆಗ ಬಂತು.

"ಸೋನವ್ವಾ, ಅವತ್ತ ಸಂತಿ ದಿವ್ಸ ನಾ ನಿನಗ ಓದಿ ಹೇಳಿರಲಿಲ್ಲ. ಸಾಹೇಬರ ಮುಂದ ಸುಳ್ಳ ಹೇಳಿದೆ."

"ನನಗ ಗೊತ್ತಿಲ್ಲೇನ್ರಿ?" ಎಂದಳು ಅವಳು. "ನಾನೂ ಅಲ್ಲೇ ಕುಂತಿದ್ದೆನೆಲ್ರಿ."

ಅವನು ಕೈ ಚಾಚಿದ. "ಆ ಕಾಗದ ಕೊಡವಾ. ಓದತೀನಿ."

ಅವಳು ಊಟದ ಗಂಟಿನ ಅಡಿಯಿಂದ ಪ್ಲಾಸ್ಟಿಕ್ ಚೀಲ ತೆಗೆದು ಕೊಟ್ಟಳು. ಗುರುಪಾದಯ್ಯ ಕನ್ನಡಕ ಏರಿಸಿ, ಎದ್ದು ನಿಂತು, ಇಪ್ಪತ್ತು ವರ್ಷದಿಂದ ಯಾರಿಗೂ ಓದಿರದ ಹಾಗೆ ಓದಿದ. ಆರೂ ಪುಟ. ಒಂದೊಂದು ಸಾಲನ್ನೂ ಬಿಡಿಸಿ, ಅವಳ ಮಾತಿನಲ್ಲಿ ಹೇಳಿ ಮುಂದೆ ಹೋದ. ಏಳನೆಯ ಷರತ್ತು ಹೀಗಿತ್ತು: ಬರಿಗೈಯಿಂದ ಈ ಮಣ್ಣನ್ನು ಮುಟ್ಟಕೂಡದು, ಸಾಣಿಸಕೂಡದು, ಧೂಳು ಎಬ್ಬಿಸಕೂಡದು, ಇದರ ಹತ್ತಿರ ಉಣ್ಣಕೂಡದು. ಹದಿನಾರನೆಯದರಲ್ಲಿ, ಮೂವತ್ತು ದಿನದೊಳಗೆ ಅಪೀಲು ಮಾಡಿಕೊಳ್ಳಬಹುದು ಎಂದಿತ್ತು. ಆ ಅವಧಿ ನಾಲ್ಕು ದಿನದ ಹಿಂದೆ ಮುಗಿದಿತ್ತು. ಗೌತಮಿಯ ವಕೀಲ ಅಸಲು ಆದೇಶ ಬೇಕು ಎಂದು ಕೇಳುತ್ತಲೇ ಇದ್ದ. ಅದು ಕೈಗೆ ಬಂದದ್ದನ್ನು ಸೋನಾಬಾಯಿ ಮಗಳಿಗೆ ಹೇಳಿರಲಿಲ್ಲ. ಅಸಲು ಈ ಚೀಲದಲ್ಲಿ, ಊಟದ ಗಂಟಿನ ಕೆಳಗೆ ಇತ್ತು.

ಸೋನಾಬಾಯಿ ಕೊನೆಯವರೆಗೂ ಕೇಳಿದಳು. ತನ್ನ ಎರಡೂ ಅಂಗೈಗಳನ್ನು ಹೊರಳಿಸಿ ನೋಡಿಕೊಂಡಳು. ಬೆರಳ ಸಂದಿಯಲ್ಲೆಲ್ಲ ಕರಿಯ ಗೆರೆ.

"ಇಷ್ಟೆಲ್ಲ ಐತೇನ್ರಿ ಅದರಾಗ? ಅವತ್ತ ಎರಡ ಮಾತಿನ್ಯಾಗ ಮುಗಿಸಿದ್ರಿ."

ಗುರುಪಾದಯ್ಯ ಅಳುತ್ತಿದ್ದ. ಅರವತ್ತೈದರ ಮುದುಕ, ನಡುಹೊಲದಲ್ಲಿ ನಿಂತು. "ನಾಳೆ ವಿಜಯಪುರಕ್ಕ ಹೋಗತೀನಿ. ಇದ್ದದ್ದ ಬರಕೊಡತೀನಿ. ನನ್ನ ಲೈಸೆನ್ಸ ಹೋಗಲಿ, ಮಾನ ಹೋಗಲಿ."

"ಬರಕೊಟ್ರ ಈ ಮಣ್ಣಾಗಿನ ವಿಷ ಹೋಗತೈತೇನ್ರಿ?"

ಅವನು ಆರೂ ಪುಟ ಮಡಚಿ ಮತ್ತೆ ಚೀಲಕ್ಕೆ ಹಾಕಿದ.

"ದೊಡ್ಡ ಮಂದಿ ಕರಸಿ ತೆಗಸಬೇಕಂದ್ರ ಹೊಲಾ ಮಾರಿದ್ರೂ ಸಾಲೂದಿಲ್ಲ. ನನ್ನ ಹತ್ರ ಇರೂವು ಇವೆರಡ ಕೈ. ಮೂವತ್ತ ದಿನ ಮುಟ್ಟೇನಿ, ಇನ್ನ ಐವತ್ತಾರ ದಿನ ಅದಾವು." ಅವಳು ಸಾಣಿಗೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. ಸಲಿಕೆಯ ಮಣ್ಣು ಅದರೊಳಗೆ ಬಿತ್ತು, ಧೂಳು ಎದ್ದಿತು. ತಲೆ ಎತ್ತದೆ ಹೇಳಿದಳು:

"ಒಂದೀಟ ಆ ಕಡೆ ಸರೀರಿ ಅಯ್ಯಾರ. ಹಸನ ಮಾಡಿದ ಜಾಗಾದ ಮ್ಯಾಲ ನಿಂತೀರಿ."